ಮೀಟರ್ ಪರೀಕ್ಷಕರು ಶಕ್ತಿ ಉಳಿಸಿದ್ದು

2024ನೆಯ ಇಸವಿಯ ಮಾರ್ಚ್ ಹನ್ನೊಂದು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ವಿದ್ಯುತ್ ಕಚೇರಿಯ ಎರಡನೆಯ ಮಹಡಿಯ ಮೀಟರ್ ಪರೀಕ್ಷಾ ಹಾಲಿನಲ್ಲಿ, ಕಿಟಕಿಯ ಪಕ್ಕ ನಿಂತು, ನಮ್ಮ ಪರೀಕ್ಷಕರು ತಮ್ಮ ಬದುಕಿನ ಒಟ್ಟು ಬಳಕೆಯನ್ನು ಶೇಕಡಾ ಮೂವತ್ತರಷ್ಟು ಇಳಿಸಬೇಕೆಂದು ತೀರ್ಮಾನಿಸಿದರು.

ಹೊತ್ತು ಇಷ್ಟು ಖಚಿತವಾಗಿ ಗೊತ್ತಾಗಲು ಕಾರಣವಿದೆ. ಅವರು ಅದನ್ನು ಪರೀಕ್ಷಾ ಪುಸ್ತಕದ ಅಂಚಿನಲ್ಲಿ ಬರೆದು ಕೆಳಗೆ ಸಹಿ ಮಾಡಿದರು. ಮೂವತ್ತೊಂದು ವರ್ಷದಿಂದ ಅವರದು ಅದೇ ಅಭ್ಯಾಸ. ಮನೆಗಳಿಂದ ಬಿಚ್ಚಿ ತಂದ ಕರೆಂಟು ಮೀಟರುಗಳನ್ನು ಗೋಡೆಗೆ ಸಾಲಾಗಿ ನೇತುಹಾಕಿ, ಎಲ್ಲಕ್ಕೂ ಒಂದೇ ಹೊರೆ ಹರಿಸಿ, ಯಾವುದು ಓಡುತ್ತದೆ, ಯಾವುದು ಕುಂಟುತ್ತದೆ ಎಂದು ನೋಡುವುದು ಅವರ ಕೆಲಸ. ಓಡುವುದಕ್ಕೆ ನೀಲಿ ಚೀಟಿ, ಕುಂಟುವುದಕ್ಕೆ ಕೆಂಪು ಚೀಟಿ. ನೂರಕ್ಕೆ ಅರ್ಧ, ಅಂದರೆ ಪಾಯಿಂಟ್ ಐದರಷ್ಟು ತಪ್ಪಿಗೆ ಕ್ಷಮೆಯುಂಟು, ಅದರಾಚೆಗೆ ಇಲ್ಲ. ಈ ಅರ್ಧ ಕ್ರಮೇಣ ಅವರ ನಾಲಿಗೆಗೂ ಹತ್ತಿತ್ತು. "ಎಷ್ಟು ಹೊತ್ತಿಗೆ ಬರ್ತೀರಿ?" ಎಂದರೆ, "ಆರಕ್ಕೆ. ಪಾಯಿಂಟ್ ಐದು ಹೆಚ್ಚುಕಮ್ಮಿ" ಎನ್ನುವರು. ಹೀಗಾಗಿ ಕಚೇರಿಯಲ್ಲಿ ಅವರ ಹೆಸರೇ ಪಾಯಿಂಟ್ ಐದು ಎಂದಾಗಿತ್ತು. ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೂ.

ಈ ತೀರ್ಮಾನಕ್ಕೆ ಕಾರಣ ಎರಡು ಗುಬ್ಬಚ್ಚಿಗಳು ಮತ್ತು ಒಂದು ಕ್ಷೌರದಂಗಡಿ.

ಗುಬ್ಬಚ್ಚಿಗಳು ಹಾಲಿನಲ್ಲೇ ಇದ್ದವು. ಕೆಟ್ಟ ಮೀಟರುಗಳನ್ನಿಡುವ ಕಪಾಟಿನ ಮೇಲಿನ ಸಾಲಿನಲ್ಲಿ, ಒಳಗಿನದೆಲ್ಲ ಕಿತ್ತ ಒಂದು ಖಾಲಿ ಮೀಟರ್ ಪೆಟ್ಟಿಗೆಯೊಳಗೆ ಹುಲ್ಲು ತುರುಕಿ ಗೂಡು ಮಾಡಿ, ನಾಲ್ಕು ಮರಿ ಮಾಡಿದ್ದವು. ಹೆಣ್ಣು ಹಕ್ಕಿ ಕಿಟಕಿಯಿಂದ ಹೊರಗೆ ಹೋಗುವುದು, ಹುಳ ತರುವುದು, ಮರಿಯ ಬಾಯಿಗೆ ತುರುಕುವುದು, ಮತ್ತೆ ಹೊರಗೆ. ನಮ್ಮ ಪರೀಕ್ಷಕರು ಸುಮ್ಮನೆ ನೋಡುವ ಜಾತಿಯವರಲ್ಲ. ಗಡಿಯಾರ ಮುಂದಿಟ್ಟುಕೊಂಡು ಎಣಿಸಿದರು. ಗಂಟೆಗೆ ಹತ್ತೊಂಬತ್ತು ಸಲ. ಎದುರಿನ ಸಜ್ಜದ ಮೇಲೆ ಗಂಡು ಹಕ್ಕಿ ಪುಕ್ಕವನ್ನೆಲ್ಲ ಉಬ್ಬಿಸಿಕೊಂಡು ಉಣ್ಣೆಯ ಉಂಡೆಯ ಹಾಗೆ ಕೂತಿತ್ತು, ಕಣ್ಣು ಅರೆಮುಚ್ಚಿತ್ತು. ಗಂಟೆಗೆ ಸೊನ್ನೆ ಸಲ.

ಹಿಂದಿನ ಭಾನುವಾರವೇ ಕ್ಷೌರದಂಗಡಿಯಲ್ಲಿ ಸರದಿ ಕಾಯುತ್ತ ಅವರು ಹಳೆಯ ವಾರಪತ್ರಿಕೆಯೊಂದನ್ನು ತೆರೆದಿದ್ದರು. ಅದರಲ್ಲಿ ಹಕ್ಕಿಗಳ ಶಕ್ತಿಯ ಬಗ್ಗೆ ಲೇಖನವಿತ್ತು. ಹಕ್ಕಿ ತಿಂದು ಗಳಿಸುವ ಶಕ್ತಿಗೆ ಒಂದು ಮಿತಿಯುಂಟು. ಅದನ್ನೇ ಮೈ ಬೆಚ್ಚಗಿಡುವುದಕ್ಕೂ, ಮರಿ ಸಾಕುವುದಕ್ಕೂ, ತಾನು ಬದುಕಿ ಉಳಿಯುವುದಕ್ಕೂ ಹಂಚಬೇಕು. ಒಂದು ಕಡೆ ಹೆಚ್ಚು ಸುರಿದರೆ ಇನ್ನೊಂದು ಕಡೆ ಕೊರತೆ. ಅಳತೆ ಮೀರಿ ಮರಿ ಸಾಕಿದ ಹಕ್ಕಿಗೆ ಮುಂದಿನ ವರ್ಷ ಬದುಕಿರುವ ಸಂಭವ ಕಡಿಮೆಯಾಗಬಹುದು. ಇಷ್ಟು ಓದುವಾಗ ಕುರ್ಚಿ ಖಾಲಿಯಾಯಿತು. ಕ್ಷೌರದವನು ಬಟ್ಟೆ ಒದರಿ "ಬನ್ನಿ ಸಾರ್" ಎಂದ. ಉಳಿದರ್ಧ ಲೇಖನ ಅಂಗಡಿಯಲ್ಲೇ ಉಳಿಯಿತು. ವಿಜ್ಞಾನಕ್ಕೆ ಇದರಿಂದ ಆದ ನಷ್ಟವನ್ನು ಮುಂದೆ ನೋಡುವಿರಿ.

ಸೋಮವಾರ ಬೆಳಿಗ್ಗೆ ಎರಡೂ ಹಕ್ಕಿಗಳನ್ನು ಒಟ್ಟಿಗೆ ನೋಡಿದಾಗ ಅವರ ತಲೆಯಲ್ಲಿ ದೀಪ ಹೊತ್ತಿತು. ಒಂದೇ ಮೀಟರು, ಮೂರು ಲೈನು. ಹೆಣ್ಣು ಹಕ್ಕಿ ಎರಡನೆಯ ಲೈನಿಗೆ ಎಲ್ಲವನ್ನೂ ಸುರಿದು ಮೂರನೆಯದನ್ನು ಬರಿದು ಮಾಡುತ್ತಿದೆ. ಗಂಡು ಜಾಣ. ಕೂತಲ್ಲೇ ಕೂತು ಆಯುಸ್ಸು ಜಮಾ ಮಾಡುತ್ತಿದೆ. ತಮಗೀಗ ಐವತ್ತನಾಲ್ಕು. ಇದ್ದೊಬ್ಬ ಮಗಳು ಓದಿ ಬೇರೆ ಊರಲ್ಲಿ ಕೆಲಸದಲ್ಲಿದ್ದಾಳೆ. ಅಂದರೆ ಎರಡನೆಯ ಲೈನು ಬಂದ್ ಆಗಿದೆ. ಹಾಗಿದ್ದೂ ತಾವೇಕೆ ದಿನಕ್ಕೆ ನಾಲ್ಕು ಸಲ ಮೆಟ್ಟಿಲು ಹತ್ತಬೇಕು?

ಅಂದಿನಿಂದ ಉಳಿತಾಯ ಶುರುವಾಯಿತು. ನಡಿಗೆಯ ವೇಗ ಅರ್ಧ. ಕುತ್ತಿಗೆ ತಿರುಗಿಸುವಂತಿಲ್ಲ, ಪಕ್ಕಕ್ಕೆ ನೋಡಬೇಕಾದರೆ ಕಣ್ಣುಗುಡ್ಡೆ ಮಾತ್ರ. ನಗುವಾಗ ಹೊಟ್ಟೆಯ ಸ್ನಾಯುಗಳು ಕೆಲಸ ಮಾಡುವುದರಿಂದ ನಗು ನಿಷಿದ್ಧ. ಮಧ್ಯಾಹ್ನ ಎರಡಕ್ಕೆ ಇಪ್ಪತ್ತು ನಿಮಿಷ ಮೇಜಿನ ಮೇಲೆ ಹಣೆ ಊರಿ ನಿಶ್ಚಲ ಸ್ಥಿತಿ. ಎಲ್ಲಕ್ಕಿಂತ ಮುಖ್ಯವಾಗಿ, ಮಾತು. ಲೆಕ್ಕ ಹಾಕಿದರೆ ಮನುಷ್ಯ ದಿನವಿಡೀ ವಟಗುಟ್ಟುವುದರಲ್ಲೇ ಎಷ್ಟೋ ಶಕ್ತಿ ಸೋರಿಹೋಗುತ್ತದೆ. ಆದ್ದರಿಂದ ಒಂದು ಪ್ರಶ್ನೆಗೆ ಒಂದೇ ಪದ. ಎರಡನೆಯ ಪದ ತುರ್ತು ಸಂದರ್ಭಕ್ಕೆ.

ಯೋಜನೆಯಲ್ಲಿ ದೋಷವಿದ್ದದ್ದು ಇಲ್ಲೇ. ಮನುಷ್ಯ ಉಳಿಸುತ್ತಿದ್ದಾನೆ ಎಂದು ಜನಕ್ಕೆ ತಿಳಿಯಬೇಕಾದರೆ ವಿವರಿಸಬೇಕು. ವಿವರಿಸಿದರೆ ಉಳಿಯುವುದಿಲ್ಲ.

ಮೀಟರಿಗೆ ಸೀಲು ಹಾಕುವ ಸಹೋದ್ಯೋಗಿಯೇ ಮೊದಲು ಗಮನಿಸಿದ. ಇಪ್ಪತ್ತು ವರ್ಷದಿಂದ ಇಬ್ಬರೂ ಅಕ್ಕಪಕ್ಕ ಕೂತು ಕೆಲಸ ಮಾಡಿದವರು. ಬುಧವಾರ ಅವನು ಕೇಳಿದ:

"ಏನ್ ಸಾರ್, ಮೈ ಹುಷಾರಿಲ್ವಾ?"

ಪರೀಕ್ಷಕರು ಯೋಚಿಸಿದರು. "ಇದೆ" ಎಂದರೆ ಇನ್ನೊಂದು ಪ್ರಶ್ನೆ ಬರುತ್ತದೆ. "ಇಲ್ಲ" ಎಂದರೆ ಹತ್ತು ಪ್ರಶ್ನೆ ಬರುತ್ತವೆ. "ನಡೀತಿದೆ," ಎಂದರು.

ಯಾರಾದರೂ "ನಡೀತಿದೆ" ಎಂದರೆ ನಡೆಯುತ್ತಿಲ್ಲ ಎಂದೇ ಅರ್ಥ. ಸೀಲಿನವನು ಮರುದಿನ ಅವರ ಕುರ್ಚಿಯ ಬೆನ್ನಿಗೆ ಕೆಂಪು ಚೀಟಿ ಕಟ್ಟಿದ: 'ನಿಧಾನ. ಶೇ. 48. ದುರಸ್ತಿಗೆ ಕಳಿಸುವುದು.' ನಗಲಿ ಎಂದು ಮಾಡಿದ ತಮಾಷೆ. ಪರೀಕ್ಷಕರು ಕಣ್ಣುಗುಡ್ಡೆ ಹೊರಳಿಸಿ ಓದಿದರು, ನಗಲಿಲ್ಲ, ಚೀಟಿ ಬಿಚ್ಚಲೂ ಇಲ್ಲ, ಏಕೆಂದರೆ ಬಿಚ್ಚಬೇಕಾದರೆ ಹಿಂದಕ್ಕೆ ತಿರುಗಬೇಕು. ಸೀಲಿನವನ ಮುಖ ಹುಳ್ಳಗಾಯಿತು. ಅವನು ನೇರ ಹೋಗಿ ಎಂಜಿನಿಯರ್ ಮೇಡಂಗೆ ಹೇಳಿದ:

"ಮೇಡಂ, ಪಾಯಿಂಟ್ ಐದು ಸಾರ್ ನಗ್ತಾ ಇಲ್ಲ."

"ಅವರು ಯಾವತ್ತು ನಕ್ಕಿದ್ರು?"

"ಮುಂಚೆ ತಪ್ಪು ಹುಡುಕೋಕಾದ್ರೂ ಬಾಯಿ ಬಿಡ್ತಿದ್ರು ಮೇಡಂ. ನಿನ್ನೆ ನಾನು ಬೇಕಂತಲೇ ಎರಡು ಸೀಲು ಉಲ್ಟಾ ಹಾಕ್ದೆ. ನೋಡಿದ್ರು. ಸುಮ್ನಿದ್ರು."

ಮೇಡಂ ಪೆನ್ನು ಕೆಳಗಿಟ್ಟರು. ಇದು ಗಂಭೀರವಾದ ವಿಷಯ.

ಮನೆಯಲ್ಲೂ ಹಾಗೇ. ಅವರ ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರವಿಟ್ಟುಕೊಂಡು ಹೋಟೆಲುಗಳಿಗೆ ಪರದೆ ಹೊಲಿದು ಕೊಡುವಾಕೆ. ದಾರದ ಕಡೆಗೆ ನೋಡುತ್ತಲೇ ಗಂಡನ ಕಡೆಗೂ ನೋಡಬಲ್ಲವಳು. ಮೂರು ದಿನ ನೋಡಿದಳು. ಗಂಡ ಊಟ ಮಾಡುತ್ತಾನೆ, ಎರಡನೆಯ ಸಲ ಬಡಿಸಿಕೊಳ್ಳುತ್ತಾನೆ, ಸೋಫಾದಲ್ಲಿ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಉಬ್ಬಿ ಕೂರುತ್ತಾನೆ. "ಏನ್ರೀ ಆಗಿದೆ?" ಎಂದರೆ "ಉಳಿತಾಯ" ಎನ್ನುತ್ತಾನೆ. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಇದು ಕಾಯಿಲೆಯಲ್ಲ, ಯಾವುದೋ ಹೊಸ ಬುದ್ಧಿ ಎಂದು ಗೊತ್ತಾಗಲು ಮೂರು ದಿನ ಸಾಕಾಯಿತು. ಆದರೆ ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಕಂಪೌಂಡರಿಗೂ ಗೊತ್ತಾಗಿಬಿಟ್ಟಿತ್ತು.

ಕಂಪೌಂಡರು ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ಔಷಧಿ ಕೊಟ್ಟವರು. ಡಾಕ್ಟರುಗಳು ಬರೆದದ್ದನ್ನು ಓದಿ ಓದಿ, ಬರೆಯದೇ ಇದ್ದದ್ದನ್ನೂ ಓದುವ ಶಕ್ತಿ ಬಂದಿತ್ತು. ಬಂದು, ಪರೀಕ್ಷಕರ ಕೈ ಎತ್ತಿ, ಹತ್ತೂ ಉಗುರು ನೋಡಿದರು.

"ಉಗುರು ಚೆನ್ನಾಗಿದೆ," ಎಂದರು. "ಅದೇ ನನಗೆ ಹೆದರಿಕೆ."

"ಚೆನ್ನಾಗಿದ್ರೆ ಹೆದರಿಕೆ ಯಾಕೆ?" ಹೆಂಡತಿ ಕೇಳಿದಳು.

"ಉಗುರಲ್ಲಿ ತೋರಿಸಿದ್ರೆ ಹೊರಗಿನ ಕಾಯಿಲೆ ಅಮ್ಮ. ತೋರಿಸ್ತಾ ಇಲ್ಲ ಅಂದ್ರೆ ಒಳಗೆ ಹೋಗಿದೆ. ಬಾಯಿ ತೆಗೀರಿ ಸಾರ್. ಹೂಂ. ನಾಲಿಗೇನೂ ಚೆನ್ನಾಗಿದೆ. ದೇವರೇ ಕಾಪಾಡ್ಬೇಕು."

ಅವರ ಬಳಿ ಪರೀಕ್ಷಕರ ಅಕ್ಕನ ಫೋನ್ ನಂಬರಿತ್ತು. ಯಾಕಿತ್ತು ಎಂದು ಕೇಳಬೇಡಿ. ಕೆಲವರ ಬಳಿ ಎಲ್ಲರ ನಂಬರೂ ಇರುತ್ತದೆ.

ಮುಂದಿನ ಬುಧವಾರ, ಇಪ್ಪತ್ತನೆಯ ತಾರೀಖು, ಅಕ್ಕ ಬಂದಳು. ಜೊತೆಗೆ ಭಾವ, ಅವರ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಮತ್ತು ಭಾವನ ಅಣ್ಣ. ಕೊನೆಯವರು ಯಾಕೆ ಬಂದರೆಂದು ಯಾರಿಗೂ ಗೊತ್ತಿರಲಿಲ್ಲ, ಅವರಿಗೂ ಸಹ. ಏಳು ಜನ, ಒಂಬತ್ತು ಚೀಲ.

ಅಕ್ಕ ಬಾಗಿಲಲ್ಲೇ ನಿಂತು ತಮ್ಮನನ್ನು ನೋಡಿದಳು. "ಎಷ್ಟು ಇಳಿದುಹೋಗಿದ್ದೀಯೋ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಿಜವಾಗಿ ಪರೀಕ್ಷಕರು ಈ ಒಂಬತ್ತು ದಿನದಲ್ಲಿ ಒಂದು ಸುತ್ತು ದಪ್ಪಗಾಗಿದ್ದರು.

"ಇಳಿದಿಲ್ಲ ಕಣೇ, ಊದಿಕೊಂಡಿದ್ದಾನೆ," ಎಂದು ಭಾವ ತಿದ್ದಿದರು. "ಅದು ಇನ್ನೂ ಕೆಟ್ಟದ್ದು. ನಮ್ಮ ಗುಮಾಸ್ತ ಇದ್ನಲ್ಲ, ಅವನೂ ಹೀಗೇ ಊದಿಕೊಂಡ. ಊದಿಕೊಂಡ, ಊದಿಕೊಂಡ, ಹೋಗೇಬಿಟ್ಟ."

"ಎಲ್ಲಿಗೆ ಹೋದ?" ಎಂದು ಭಾವನ ಅಣ್ಣ ಕೇಳಿದರು.

ಪರೀಕ್ಷಕರು ಕಣ್ಣು ಅರೆಮುಚ್ಚಿ ಹೊದಿಕೆ ಎಳೆದುಕೊಂಡರು. ಏಳು ಜನಕ್ಕೆ ವಿವರಿಸುವುದೆಂದರೆ ಇಷ್ಟು ದಿನ ಕೂಡಿಟ್ಟದ್ದೆಲ್ಲ ಒಂದೇ ಸಂಜೆಗೆ ನೀರಾದಂತೆ. ಹಾಗೆ ಅವರು ಮಲಗಿದಲ್ಲಿಂದಲೇ, ಬಂದವರಿಗೆ ಚಹಾ, ಹೋದವರಿಗೆ ಚಹಾ, ನೋಡಲು ಬಂದ ಬೀದಿಯ ಜನಕ್ಕೆ ಚಹಾ, ಮಕ್ಕಳಿಗೆ ಹಾಲು, ಭಾವನಿಗೆ ಬಿಸಿನೀರು, ಭಾವನ ಅಣ್ಣನಿಗೆ ತಣ್ಣೀರು ಎಂದು ಹೆಂಡತಿ ಅಡುಗೆಮನೆಗೂ ಹಜಾರಕ್ಕೂ ಓಡಾಡುವುದನ್ನು ನೋಡಿದರು. ಪರದೆಯ ಬಟ್ಟೆ ಯಂತ್ರದ ಮೇಲೆ ಮಡಿಸಿದಂತೆಯೇ ಕೂತಿತ್ತು.

ಗುರುವಾರ ಬೆಳಿಗ್ಗೆ ಆಕೆ ಸೊಂಟದ ಮೇಲೆ ಕೈಯಿಟ್ಟು ಸೋಫಾದ ಮುಂದೆ ನಿಂತಳು.

"ರೀ, ಗೇಟಿನ ಹತ್ರ ನೀರಿನ ಕ್ಯಾನ್ ಇಟ್ಟು ಹೋಗಿದ್ದಾನೆ. ಒಳಗೆ ತರ್ತೀರಾ?"

ಇಪ್ಪತ್ತು ಲೀಟರು, ಮೂವತ್ತೊಂದು ಹೆಜ್ಜೆ. "ಬೇಡ," ಎಂದರು ಪರೀಕ್ಷಕರು.

"ಯಾವುದು ಬೇಡ? ನೀರು ಬೇಡವಾ, ತರೋದು ಬೇಡವಾ?"

ಪ್ರಶ್ನೆ ನ್ಯಾಯವಾದದ್ದು. ಒಂದು ಪದದಲ್ಲಿ ಉತ್ತರವಿರಲಿಲ್ಲ. ಪರೀಕ್ಷಕರು ಆ ದಿನದವರೆಗೆ ಕೂಡಿಟ್ಟ ಮಾತನ್ನೆಲ್ಲ ಒಮ್ಮೆಲೇ ಖರ್ಚು ಮಾಡಲು ನಿರ್ಧರಿಸಿದರು. ಎದ್ದು ಕೂತು, ಕ್ಷೌರದಂಗಡಿಯಿಂದ ಶುರುಮಾಡಿ, ಒಂದು ಮೀಟರು, ಮೂರು ಲೈನು, ಸಜ್ಜದ ಮೇಲಿನ ಗುರು, ಎಲ್ಲವನ್ನೂ ಹೇಳಿದರು. ಆಕೆ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು.

"ಅಂದ್ರೆ ನಿಮಗೆ ಕಾಯಿಲೆ ಇಲ್ಲ."

"ಇಲ್ಲ."

"ಇದನ್ನ ನಿಮ್ಮಕ್ಕನಿಗೆ ಹೇಳಿದ್ದೀರಾ?"

"ಅವಳು ನಡುನಡುವೆ ಅಳ್ತಾಳೆ. ಎರಡು ಪಟ್ಟು ಹೊತ್ತಾಗತ್ತೆ."

"ಹೋಗ್ಲಿ. ಆ ಹೆಣ್ಣು ಹಕ್ಕಿ ಇದೆಯಲ್ಲ, ಅದಕ್ಕೆ ಕೆಲಸ ತೀರಾ ಜಾಸ್ತಿ ಆದ್ರೆ ಏನು ಮಾಡತ್ತೆ?"

ಹೆಂಡತಿ ವಿಜ್ಞಾನದಲ್ಲಿ ಆಸಕ್ತಿ ತೋರಿಸಿದ್ದು ಇದೇ ಮೊದಲು. ಪರೀಕ್ಷಕರ ಮುಖ ಅರಳಿತು. "ಒಳ್ಳೆ ಪ್ರಶ್ನೆ. ಹೊರೆ ಮೀರಿದ್ರೆ ಕೆಲವು ಹಕ್ಕಿಗಳು ಗೂಡು ಬಿಟ್ಟು ಹೊರಟುಹೋಗ್ತವೆ. ತಾನು ಉಳಿದ್ರೆ ತಾನೆ ಮುಂದಿನ ಸಲ ಮೊಟ್ಟೆ ಇಡೋದು? ಅದು ತಪ್ಪಲ್ಲ. ಲೆಕ್ಕ."

"ಹೌದಾ," ಎಂದಳು ಹೆಂಡತಿ. ಎಂದವಳು ಹೋಗಿ ಕ್ಯಾನನ್ನು ತಾನೇ ಎತ್ತಿ ತಂದಳು. ಸಂಸಾರಸ್ಥರು ಯಾರಾದರೂ ಆ "ಹೌದಾ"ವನ್ನು ಕೇಳಿದ್ದರೆ ಕೂಡಲೇ ಎದ್ದು ಕ್ಯಾನಿನ ಇನ್ನೊಂದು ಕೊನೆ ಹಿಡಿಯುತ್ತಿದ್ದರು. ನಮ್ಮ ಪರೀಕ್ಷಕರು ಒಳ್ಳೆಯ ಉಪನ್ಯಾಸ ಮಾಡಿದ ತೃಪ್ತಿಯಲ್ಲಿ ಕಣ್ಣು ಮುಚ್ಚಿದರು.

ಶುಕ್ರವಾರ ಕಚೇರಿಯಲ್ಲಿ ಮೇಡಂ ಒಂದು ಕಾಗದ ಹಿಡಿದುಕೊಂಡು ಸ್ವತಃ ಹಾಲಿಗೆ ಬಂದರು. ಮುಖದಲ್ಲಿ ಬೇಸರವಿತ್ತು.

"ನೀವೇ ಓದ್ಕೊಳ್ಳಿ," ಎಂದರು.

ಆರೋಗ್ಯದ ಕಾರಣ ಪರೀಕ್ಷಕರನ್ನು ಏಪ್ರಿಲ್ ಒಂದರಿಂದ ನೆಲಮಾಳಿಗೆಯ ದಫ್ತರ್ ಕೋಣೆಗೆ ಹಗುರ ಕೆಲಸಕ್ಕೆ ಹಾಕಲಾಗುವುದು. ಒಪ್ಪಿಗೆಯಿಲ್ಲದಿದ್ದರೆ ಇಪ್ಪತ್ತೈದು, ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ ಕಚೇರಿಯ ಡಾಕ್ಟರ ಮುಂದೆ ಹಾಜರಾಗಿ ದೇಹ ಗಟ್ಟಿಯಿದೆಯೆಂದು ಬರೆಸಿಕೊಂಡು ಬರಬೇಕು.

ದಫ್ತರ್ ಕೋಣೆಗೆ ಕಿಟಕಿಯಿಲ್ಲ. ಅಲ್ಲಿ ಮೀಟರಿಲ್ಲ, ಓಡುವುದಿಲ್ಲ, ಕುಂಟುವುದಿಲ್ಲ. ಹಳೆಯ ಅರ್ಜಿಗಳ ಕಟ್ಟುಗಳು ಮಾತ್ರ. ಅಲ್ಲಿ ಹೋದವರು ನಿವೃತ್ತಿಯ ದಿನ ಮೇಲೆ ಬಂದು ಬೆಳಕಿಗೆ ಕಣ್ಣು ಕಿರಿದು ಮಾಡುವುದನ್ನು ಪರೀಕ್ಷಕರು ಎಷ್ಟೋ ಸಲ ಕಂಡಿದ್ದರು. ಇದೋ, ತಾವು ಮೂವತ್ತೊಂದು ವರ್ಷ ಆಳಿದ ಹಾಲು. ಅವರಿಗೆ ಮಾತು ಬಂತು, ಅಣೆಕಟ್ಟಿನ ಬಾಗಿಲು ತೆಗೆದ ಹಾಗೆ ಬಂತು.

"ಮೇಡಂ, ನನಗೆ ಏನೂ ಆಗಿಲ್ಲ. ಉಳಿತಾಯ ಮಾಡ್ತಿದ್ದೆ ಅಷ್ಟೆ. ಅದನ್ನ ನೋಡಿ, ಆ ಸಜ್ಜದ ಮೇಲೆ. ಅದರಿಂದ ಕಲಿತಿದ್ದು."

ಮೇಡಂ ಕಿಟಕಿಯ ಬಳಿ ಹೋಗಿ ಕನ್ನಡಕ ಸರಿಮಾಡಿಕೊಂಡು ನೋಡಿದರು. ಅವರ ತಂದೆ ಪಶುವೈದ್ಯರಾಗಿದ್ದವರು. ಚಿಕ್ಕಂದಿನಲ್ಲಿ ಗಾಯಗೊಂಡ ಹಕ್ಕಿಗಳ ಜೊತೆಗೇ ಬೆಳೆದಿದ್ದರು.

"ಎಷ್ಟು ದಿನದಿಂದ ಹೀಗೆ ಕೂತಿದೆ?"

"ಹನ್ನೆರಡು ದಿನ. ಒಂದು ಸಲವೂ ಹುಳ ತಂದಿಲ್ಲ. ಎಂಥ ಶಿಸ್ತು ನೋಡಿ."

"ಶಿಸ್ತಲ್ಲ ರೀ. ಇಂಥ ಬಿಸಿಲಲ್ಲಿ ಹಕ್ಕಿ ಪುಕ್ಕ ಉಬ್ಬಿಸಿಕೊಂಡು ಕಣ್ಣು ಮುಚ್ಚಿ ಕೂತ್ರೆ ಅದಕ್ಕೆ ಹುಷಾರಿಲ್ಲ ಅಂತ. ಉಳಿಸ್ತಾ ಇಲ್ಲ, ಉಳಿದದ್ದರಲ್ಲಿ ಹೇಗೋ ಕಾಲ ಹಾಕ್ತಿದೆ."

ಸೀಲಿನವನು ಕೈಯಲ್ಲಿದ್ದ ಸೀಲನ್ನು ಮೆಲ್ಲನೆ ಮೇಜಿನ ಮೇಲಿಟ್ಟ.

"ಅಂದ್ರೆ ನಾನು..." ಎಂದರು ಪರೀಕ್ಷಕರು.

"ಕಾಯಿಲೆ ಹಕ್ಕಿಯನ್ನ ನೋಡಿ ನಕಲು ಮಾಡಿದ್ರಿ. ನಿಮ್ಮನ್ನ ನೋಡಿ ಎಲ್ರೂ ಕಾಯಿಲೆ ಅಂದ್ಕೊಂಡ್ರು. ಅವರೇನೂ ತಪ್ಪು ಓದಿಲ್ಲ." ಮೇಡಂ ನಗು ತಡೆದುಕೊಂಡು ಮುಂದುವರಿಸಿದರು: "ಆಮೇಲೆ, ಹಕ್ಕಿ ಹಾರದೆ ಶಕ್ತಿ ಉಳಿಸಿದ್ರೆ ಹುಳ ಎಲ್ಲಿಂದ ಬರತ್ತೆ? ಖರ್ಚು ಮಾಡಿದ್ರೇನೇ ಗಳಿಕೆ. ಎಷ್ಟು ಅನ್ನೋದು ಜಾಣತನ, ಅಷ್ಟೆ. ಆ ಹೆಣ್ಣನ್ನ ನೋಡಿ. ಗಂಡನಿಗೆ ಆಗಲ್ಲ ಅಂತ ಎರಡು ಹಕ್ಕಿ ಕೆಲಸ ಒಂದೇ ಮಾಡ್ತಿದೆ."

ಈ ಕೊನೆಯ ಮಾತು ಪರೀಕ್ಷಕರಿಗೆ ಹಕ್ಕಿಯ ಬಗ್ಗೆ ಹೇಳಿದಂತೆ ಕೇಳಿಸಲಿಲ್ಲ. ಕಾಗದವನ್ನು ಹಿಂದಕ್ಕೆ ಚಾಚಿದರು. ಆದರೆ ಕಾಗದ ಆಗಲೇ ಮೇಲಿನ ಕಚೇರಿಗೆ ಹೋಗಿ ಸಹಿಯಾಗಿ ಬಂದಿತ್ತು. "ಡಾಕ್ಟರು ಬರೆದುಕೊಟ್ರೆ ಹರಿದು ಹಾಕ್ತೀನಿ," ಎಂದರು ಮೇಡಂ. "ಇಲ್ದಿದ್ರೆ ನನ್ನ ಕೈಯಲ್ಲಿಲ್ಲ." ಸೀಲಿನವನು ಒಂದು ಡಬ್ಬಿಯ ಮುಚ್ಚಳದಲ್ಲಿ ನೀರು, ಇನ್ನೊಂದರಲ್ಲಿ ಕಾಳು ತುಂಬಿ ಸಜ್ಜದ ಮೇಲಿಟ್ಟ.

ಅಂದು ಸಂಜೆ ಪರೀಕ್ಷಕರು ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು, ಬಿರಬಿರನೆ ನಡೆದು ಮನೆ ಸೇರಿದರು. "ಅಕ್ಕಾ, ಭಾವ, ಕೇಳಿ. ನಾನು ಗಟ್ಟಿಯಾಗಿದ್ದೀನಿ, ಸೋಮವಾರ ಡಾಕ್ಟರೇ ಬರೆದುಕೊಡ್ತಾರೆ," ಎಂದು ಘೋಷಿಸಿ, ಸಾಕ್ಷಿಗೆಂದು ಕುರ್ಚಿಯೊಂದನ್ನು ತಲೆಯ ಮೇಲಕ್ಕೆತ್ತಿದರು.

ಅಕ್ಕ ಚೀರಿ ಕುರ್ಚಿ ಕಿತ್ತುಕೊಂಡಳು. ಭಾವ ತಲೆ ತಗ್ಗಿಸಿ ಮೆಲುದನಿಯಲ್ಲಿ ಹೇಳಿದರು: "ಇದು ನನಗೆ ಗೊತ್ತು. ನಮ್ಮ ದೊಡ್ಡಪ್ಪನೂ ಹಿಂದಿನ ದಿನ ಹೀಗೇ ಎದ್ದು ಕೂತು, ಮರ ಹತ್ತಿ ಹಣ್ಣು ಕಿತ್ತು ಎಲ್ಲರಿಗೂ ಹಂಚಿದ್ರು."

"ಮುಖದಲ್ಲಿ ಕಳೆ ಬಂದಿದೆ," ಎಂದರು ಕಂಪೌಂಡರು. "ಕೈ ಮೀರಿತು."

ಪರೀಕ್ಷಕರನ್ನು ನಾಲ್ಕು ಜನ ಹಿಡಿದು ಮಲಗಿಸಿದರು. ಎಷ್ಟು ವಿವರಿಸಿದರೂ ಅಕ್ಕ ಹಣೆ ಮುಟ್ಟಿ, "ಗುಬ್ಬಚ್ಚಿ ಅಂತೆ, ಲೈನು ಅಂತೆ, ಏನೇನೋ ಬಡಬಡಿಸ್ತಿದ್ದಾನೆ," ಎಂದು ಮತ್ತೊಂದು ಹೊದಿಕೆ ಹೊದಿಸಿದಳು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ ಎಲ್ಲವನ್ನೂ ನೋಡುತ್ತಿದ್ದಳು.

ಶನಿವಾರ ಬೆಳಿಗ್ಗೆ ಆರೂಕಾಲಿಗೆ ಏನೋ ಸೀದ ವಾಸನೆಗೆ ಪರೀಕ್ಷಕರು ಎದ್ದರು. ಒಲೆಯ ಮೇಲೆ ಹಾಲು ಉಕ್ಕಿ, ಸುರಿದು, ಹೊತ್ತಿಕೊಂಡಿತ್ತು. ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಒಂದು ಚೀಟಿ ನೀಟಾಗಿ ಸಿಕ್ಕಿಸಿತ್ತು.

'ನನ್ನ ಹೊರೆ ಮೀರಿದೆ. ತಂಗಿ ಮನೆಗೆ ಹೋಗಿದ್ದೀನಿ. ತಪ್ಪಲ್ಲ, ಲೆಕ್ಕ. ಹಾಲು ಒಲೆ ಮೇಲಿದೆ, ನೋಡ್ಕೊಳ್ಳಿ.'

ಅಕ್ಕನ ಪ್ರೀತಿ ಮಧ್ಯಾಹ್ನ ಒಂದೂವರೆಯವರೆಗೆ ಗಟ್ಟಿಯಾಗಿ ನಿಂತಿತು. ಅಲ್ಲಿಯವರೆಗೆ "ಏಳಬೇಡ ಕಣೋ" ಎನ್ನುತ್ತಿದ್ದವಳು, ಒಂದೂವರೆಯ ನಂತರ, "ಸ್ವಲ್ಪ ಓಡಾಡಿದ್ರೆ ಮೈಗೆ ಒಳ್ಳೇದೇನೋ" ಎಂದಳು. ಅವಳಿಗೆ ಮಂಡಿನೋವು. ಸೊಸೆಗೆ ಆ ಮನೆಯ ಒಲೆ ಹೊಸದು. ಮಗನಿಗೆ ಫೋನು. ಭಾವ ಅಡುಗೆಮನೆಯ ಬಗ್ಗೆ ಗೌರವವಿಟ್ಟು ಒಳಗೆ ಕಾಲಿಡದವರು. ಭಾವನ ಅಣ್ಣ ಎದ್ದು ಬಂದರು, ಒಂದು ಆಲೂಗಡ್ಡೆ ಕೈಗೆತ್ತಿಕೊಂಡು ನೋಡಿದರು, ವಾಪಸಿಟ್ಟರು.

ಹೀಗೆ ಎರಡು ದಿನ ನಮ್ಮ ಪರೀಕ್ಷಕರು ಸಂಸಾರ ಹೊತ್ತರು. ತರಕಾರಿ ತಂದರು, ಹೆಚ್ಚಿದರು, ಬೇಯಿಸಿದರು, ಸೀಯಿಸಿದರು, ಮತ್ತೆ ತಂದರು. ಕ್ಯಾನು ಹೊತ್ತರು. ಮೊಮ್ಮಕ್ಕಳ ಬಟ್ಟೆ ಒಗೆದರು. ನೋಡಲು ಬಂದ ಬೀದಿಯ ಜನಕ್ಕೆ ರೋಗಿಯೇ ಚಹಾ ತಂದುಕೊಟ್ಟ. ಅವರು ಲೋಟ ಕೈಗೆ ತೆಗೆದುಕೊಂಡು, "ಎಲ್ಲಿ, ಯಜಮಾನರು ಮಲಗಿದ್ದಾರಾ?" ಎಂದು ಕೇಳಿದರು.

ಭಾನುವಾರ ಸಂಜೆ ಅವರು ಹೆಂಡತಿಗೆ ಫೋನ್ ಮಾಡಿದರು.

"ಹೇಳಿ," ಎಂದಳು ಆಕೆ. ಹಿಂದಿನಿಂದ ತಂಗಿಯ ನಗು ಕೇಳುತ್ತಿತ್ತು.

"ಇದನ್ನೆಲ್ಲ ನೀನು ದಿನಾ ಹೇಗೆ ಮಾಡ್ತೀಯ?"

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು, ತಂಗಿಯ ನಗು ನಿಂತಿತು. "ನಾಳೆ ಡಾಕ್ಟರ ಹತ್ರ ಎಷ್ಟು ಗಂಟೆಗೆ?"

"ಹನ್ನೊಂದು." ಅಭ್ಯಾಸದಂತೆ ಬಾಲ ಸೇರಿಸಲು ಹೋಗಿ, ಅವರು ಬಿಟ್ಟುಬಿಟ್ಟರು. "ಹನ್ನೊಂದಕ್ಕೆ."

"ಮೊದ್ಲು ಮಲಗಿ," ಎಂದು ಆಕೆ ಫೋನ್ ಇಟ್ಟಳು.

ಸೋಮವಾರ ಬೆಳಿಗ್ಗೆ ಅನಾಹುತ ಏನೆಂದು ಪರೀಕ್ಷಕರಿಗೆ ಅರಿವಾದದ್ದು ಹಾಸಿಗೆಯಿಂದ ಏಳಲು ಹೋದಾಗ. ಕಾಯಿಲೆಯವನೆಂದು ಎಲ್ಲರೂ ನಂಬಿದ್ದಾಗ ಅವರು ಗುಂಡುಕಲ್ಲಿನಂತಿದ್ದರು. ಈಗ, ಗಟ್ಟಿಯೆಂದು ಸಾಬೀತು ಮಾಡಬೇಕಾದ ದಿನ, ತೊಡೆ ಬಿಗಿದಿತ್ತು, ಬೆನ್ನು ಬಗ್ಗದು, ಬಲಗೈಯಲ್ಲಿ ಎರಡು ಬೊಬ್ಬೆ. ಅಂಥ ಸ್ಥಿತಿಯಲ್ಲಿ, ಅಕ್ಕ, ಭಾವ, ಕಂಪೌಂಡರು ಹಿಂಬಾಲಿಸುತ್ತಿರಲು, ಅವರು ಕಚೇರಿಯ ಡಾಕ್ಟರ ಕೋಣೆಗೆ ಮೆರವಣಿಗೆ ಹೋದರು.

ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಕಮ್ಮಿ. ಒಂದು ಮರದ ಮೆಟ್ಟಿಲನ್ನು ಕಾಲಿನಿಂದ ಮುಂದಕ್ಕೆ ತಳ್ಳಿದರು.

"ಮೂರು ನಿಮಿಷ ಹತ್ತಿ ಇಳೀರಿ. ಆಮೇಲೆ ಐದು ನಿಮಿಷ ಕೂತ್ಕೊಳ್ಳಿ. ಅಷ್ಟರಲ್ಲಿ ನಾಡಿ ತೊಂಬತ್ತಕ್ಕಿಂತ ಕೆಳಗೆ ಬಂದ್ರೆ ನಿಮ್ಮ ಹಾಲಿಗೆ ವಾಪಸ್ ಹೋಗಿ. ಬರದಿದ್ರೆ ದಫ್ತರ್ ಕೋಣೆ."

ಪರೀಕ್ಷಕರು ಹತ್ತಿದರು, ಇಳಿದರು. ಮೊಣಕಾಲು ಕೀಲು ಕಟಕಟ ಎಂದಿತು. ಮೂರು ನಿಮಿಷಕ್ಕೆ ಅಂಗಿ ಬೆನ್ನಿಗಂಟಿತ್ತು. ಡಾಕ್ಟರು ಮಣಿಕಟ್ಟು ಹಿಡಿದು, "ನೂರಾ ಮೂವತ್ತನಾಲ್ಕು," ಎಂದು ಬರೆದುಕೊಂಡರು.

"ಅಯ್ಯೋ ನನ್ನ ತಮ್ಮ," ಎಂದಳು ಅಕ್ಕ.

"ಗುಮಾಸ್ತನಿಗೂ ಇಷ್ಟೇ ಇತ್ತು," ಎಂದರು ಭಾವ.

"ಇಲ್ಲ, ಅವನಿಗೆ ಇದಕ್ಕಿಂತ ಕಮ್ಮಿ," ಎಂದರು ಕಂಪೌಂಡರು, ಗುಮಾಸ್ತನನ್ನು ಕಂಡೇ ಇರದಿದ್ದರೂ.

ಒಂದು ನಿಮಿಷ ಕಳೆಯಿತು. ನೂರಾ ಇಪ್ಪತ್ತೆಂಟು. ಅಕ್ಕ ಅವರ ಹಣೆ ಒರೆಸಿದಳು, ನೂರಾ ಮೂವತ್ತು. ಭಾವ ದೊಡ್ಡಪ್ಪನ ಕಥೆ ಎತ್ತಿದರು; ನೂರಾ ಮೂವತ್ತಮೂರು. ಪರೀಕ್ಷಕರ ಕಣ್ಣ ಮುಂದೆ ಕಿಟಕಿಯಿಲ್ಲದ ಗೋಡೆ ಎದ್ದು ನಿಂತಿತು.

"ಸುಸ್ತು ಯಾವತ್ತಿಂದ?" ಡಾಕ್ಟರು ಕೇಳಿದರು.

"ಶನಿವಾರ ಬೆಳಿಗ್ಗೆ ಆರೂಕಾಲಿಂದ."

"ಅಷ್ಟು ಕರಾರುವಾಕ್ಕಾಗಿ? ಅದಕ್ಕೆ ಮುಂಚೆ?"

"ಏನೂ ಇರಲಿಲ್ಲ. ಏನೂ ಮಾಡಿರಲಿಲ್ಲ."

ಡಾಕ್ಟರು ಅವರ ಬಲಗೈ ತಿರುಗಿಸಿ ಬೊಬ್ಬೆ ನೋಡಿದರು. ಒಂದು ಚಾಕುವಿನಿಂದ ಬಂದದ್ದು, ಇನ್ನೊಂದು ಕ್ಯಾನಿನ ಹಿಡಿಯಿಂದ. ಅವರ ತುಟಿ ಸ್ವಲ್ಪ ಸೊಟ್ಟಗಾಯಿತು. "ಮನೆಯವರು ಯಾರು ಇಲ್ಲಿ? ಹೇಳಿಕೆ ಬೇಕು."

"ನಾನು. ಒಡಹುಟ್ಟಿದವಳು," ಎಂದು ಅಕ್ಕ ಮುಂದೆ ಬಂದಳು.

"ನಾನಿದ್ದೀನಿ," ಎಂದು ಬಾಗಿಲಿನಿಂದ ದನಿ ಬಂತು.

ಹೆಂಡತಿ ಒಳಗೆ ಬಂದಳು. ಎರಡು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ ಮುಖ. ಸುತ್ತ ನೋಡಿ, "ಅತ್ತಿಗೆ, ನೀವು ಮೂರೂ ಜನ ಹೊರಗಿರಿ. ಗಾಳಿ ಬೇಕು," ಎಂದಳು. ದನಿ ಏರಿಸಲಿಲ್ಲ. ಆದರೂ ಅಕ್ಕ ಹೋದಳು. ಅವಳ ಹಿಂದೆ ಭಾವ. ಕಂಪೌಂಡರು ಹೊಸಿಲಲ್ಲಿ ನಿಂತು ನೋಡಿದರು, ಬಾಗಿಲು ಮುಚ್ಚಿಕೊಂಡಿತು.

"ಇವರಿಗೆ ಏನಾಗಿದೆ?" ಡಾಕ್ಟರು ಕೇಳಿದರು.

"ಅರ್ಧ ಓದಿದ್ದಾರೆ. ಉಳಿದರ್ಧ ಎರಡು ದಿನದಲ್ಲಿ ಓದಿಸ್ದೆ."

ಹಾಗೆಂದು ಗಂಡನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಇನ್ನೂ ಮೂರು ನಿಮಿಷ ಬಾಕಿಯಿತ್ತು. ಪರೀಕ್ಷಕರು ಬಾಯಿ ತೆರೆದರು.

"ಗೂಡು ಬಿಟ್ಟ ಹಕ್ಕಿ ಬರಲ್ಲ ಅಂತ ನಾನು..."

"ಸುಮ್ನಿರಿ. ಮಾತಾಡಿದ್ರೆ ಏರತ್ತೆ. ಸೀಲಿನವರು ಗೇಟಲ್ಲಿ ಸಿಕ್ಕಿದ್ರು. ನಿಮ್ಮ ಗಂಡು ಹಕ್ಕಿ ಇವತ್ತು ಬೆಳಿಗ್ಗೆ ಎರಡು ಸಲ ಹುಳ ತಂತಂತೆ."

"ಎರಡೇ?"

"ಶುರುವಿಗೆ ಸಾಕು. ನಿಮ್ಮಕ್ಕ ಅವರೆಲ್ಲ ಇವತ್ತು ಸಂಜೆ ಹೊರಡ್ತಾರೆ. ಟಿಕೆಟ್ ಮಾಡಿಸ್ಕೊಂಡೇ ಬಂದಿದ್ದೀನಿ."

ಪರೀಕ್ಷಕರು ಉಸಿರು ಬಿಟ್ಟರು. ಅದು ಒಳಗಿನಿಂದ ಬಂದು ಬಹಳ ಹೊತ್ತು ಹೊರಗೆ ಹೋಗುತ್ತಲೇ ಇತ್ತು. ಹೆಂಡತಿ ಅವರ ಬೊಬ್ಬೆಯಿದ್ದ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡಳು. ಇನ್ನೊಂದು ಕೈಯ ಮಣಿಕಟ್ಟು ಡಾಕ್ಟರ ಬೆರಳಲ್ಲಿತ್ತು. ಗೋಡೆಯ ಗಡಿಯಾರದ ಸೆಕೆಂಡ್ ಮುಳ್ಳು ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಮೂರನೆಯ ಸುತ್ತಿನಲ್ಲಿ ಡಾಕ್ಟರು ತುಟಿಯಲ್ಲೇ ಎಣಿಸಿದರು, ಪೆನ್ನು ತೆಗೆದರು, ಫಾರಂನ ಕೊನೆಯ ಸಾಲು ತುಂಬಿ ಇಬ್ಬರ ಕಡೆಗೂ ತಿರುಗಿಸಿದರು.

ಐದು ನಿಮಿಷದ ವಿಶ್ರಾಂತಿಯ ನಂತರ ನಾಡಿ: ನಿಮಿಷಕ್ಕೆ ಎಪ್ಪತ್ತಾರು.